ಸೀಸನ್ ಮುಗಿದರೆ ಹುಡುಗರೂ ಮಾಯ: ಓದುಗರ ಪ್ರಶ್ನೆ, ನಮ್ಮ ಉತ್ತರ

ಲಾಡ್ಜು, ರೆಸಾರ್ಟು, ಹೋಮ್‌ಸ್ಟೇ ನಡೆಸುವವರಿಂದಲೂ ಅಲ್ಲಿ ದುಡಿಯುವವರಿಂದಲೂ ಈ ಸಲ ಪ್ರಶ್ನೆ ಕೇಳಿದ್ದೆವು. ಕೊಪ್ಪಳ, ಗಂಗಾವತಿ, ರಾಯಚೂರು, ಬಳ್ಳಾರಿ ಕಡೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಗಂಟಿನ ಸುತ್ತ ಸುತ್ತುತ್ತವೆ. ಮಾಲೀಕರು ‘ಹುಡುಗರು ಕೆಲಸದಲ್ಲಿ ಯಾಕೆ ನಿಲ್ಲುವುದಿಲ್ಲ’ ಎಂದು ಕೇಳಿದರೆ, ಕೆಲಸಗಾರರು ‘ಯಾವುದನ್ನು ನಂಬಿ ನಿಲ್ಲಬೇಕು’ ಎಂದು ಕೇಳಿದ್ದಾರೆ. ಹೋಟೆಲ್ ನಿರ್ವಹಣೆ ಮತ್ತು ಕಾರ್ಮಿಕ ಕಾನೂನು ಬಲ್ಲ ನಮ್ಮ ಬಳಗ ಉತ್ತರಿಸಿದೆ. ಬರೆದವರ ಹೆಸರುಗಳನ್ನು ಬಿಟ್ಟಿದ್ದೇವೆ.

ಪ್ರಶ್ನೆ: ಆನೆಗೊಂದಿ ಹತ್ತಿರ ನಮ್ಮದು 12 ಕೋಣೆಯ ರೆಸಾರ್ಟ್. ಅಕ್ಟೋಬರಿನಿಂದ ಫೆಬ್ರುವರಿ ತನಕ ಉಸಿರಾಡಲೂ ಪುರುಸೊತ್ತಿಲ್ಲ. ಏಪ್ರಿಲ್ ಬಂತೆಂದರೆ ಬಿಸಿಲಿಗೆ ಯಾರೂ ಈ ಕಡೆ ತಲೆ ಹಾಕಂಗಿಲ್ಲ. ಎಂಟು ಜನರಲ್ಲಿ ಐದು ಜನರನ್ನು ಊರಿಗೆ ಕಳಿಸ್ತೀನಿ. ಜುಲೈನಲ್ಲಿ ಫೋನ್ ಹಚ್ಚಿದರೆ ಒಬ್ಬನೂ ಎತ್ತಂಗಿಲ್ಲ. ಸಂಬಳ ಸಾವಿರ ರೂಪಾಯಿ ಏರಿಸಿದೆ, ಆದರೂ ಅದೇ ಕಥೆ. ಪ್ರತಿ ವರ್ಷ ಹೊಸಬರಿಗೆ ಹಾಸಿಗೆ ಹಾಸೋದರಿಂದ ಕಲಿಸಬೇಕು.

ಉತ್ತರ: ಹೊಟ್ಟೆಗೆ ಆಫ್ ಸೀಸನ್ ಇಲ್ಲವಲ್ಲ! ನೀವು ಮೂರು ತಿಂಗಳು ಸಂಬಳ ನಿಲ್ಲಿಸಿದಾಗ ಆ ಹುಡುಗ ಗಿಣಿಗೇರಾದ ಕಾರ್ಖಾನೆಗೋ ತೋರಣಗಲ್ಲಿಗೋ ಬೆಂಗಳೂರಿನ ಸೆಕ್ಯುರಿಟಿ ಕೆಲಸಕ್ಕೋ ಹೋಗುತ್ತಾನೆ. ಅಲ್ಲಿ 12 ತಿಂಗಳು ಸಂಬಳ ಬರುತ್ತದೆ. ನೀವು ಏರಿಸಿದ ಸಾವಿರವನ್ನು ಒಂಬತ್ತು ತಿಂಗಳಿಗೆ ಗುಣಿಸಿದರೆ 9,000 ಆಗುತ್ತದೆ, ಅವನು ಕಳೆದುಕೊಂಡದ್ದು ಮೂರು ತಿಂಗಳ ಪೂರ್ತಿ ಸಂಬಳ. ಲೆಕ್ಕ ಅವನಿಗೂ ಬರುತ್ತದೆ.

ಸೀಸನ್ನಿನ ದುಡ್ಡಿನಲ್ಲೇ ಬೇಸಿಗೆಯ ಸಂಬಳವನ್ನು ಎತ್ತಿಡಬೇಕು. ನಿಮ್ಮ 12 ಕೋಣೆಗಳನ್ನೇ ತೆಗೆದುಕೊಳ್ಳೋಣ. ಅಕ್ಟೋಬರಿನಿಂದ ಫೆಬ್ರುವರಿಗೆ 151 ದಿನ. ನೂರಕ್ಕೆ ಎಪ್ಪತ್ತರಷ್ಟು ಕೋಣೆ ತುಂಬಿದರೆ ಸುಮಾರು 1,268 ರಾತ್ರಿಗಳ ಬಾಡಿಗೆ. ಪ್ರತಿ ರಾತ್ರಿಯ ಬಾಡಿಗೆಯಿಂದ 150 ರೂಪಾಯಿ ತೆಗೆದಿಟ್ಟರೆ 1,90,200 ಆಗುತ್ತದೆ. ಎಂಟು ಜನಕ್ಕೆ ತಲಾ 14,000 ಎಂದುಕೊಂಡರೆ ತಿಂಗಳಿಗೆ 1,12,000, ಏಪ್ರಿಲ್, ಮೇ, ಜೂನ್ ಮೂರು ತಿಂಗಳಿಗೆ 3,36,000. ಅರ್ಧಕ್ಕಿಂತ ಹೆಚ್ಚು ಆಗಲೇ ಕೈಯಲ್ಲಿದೆ. ಉಳಿದದ್ದನ್ನು, ಅಂದರೆ ತಿಂಗಳಿಗೆ 48,600ನ್ನು, ಬೇಸಿಗೆಯ ವಾರಾಂತ್ಯದ ಗಿರಾಕಿ, ಹುಟ್ಟುಹಬ್ಬ, ಸಣ್ಣಪುಟ್ಟ ಸಮಾರಂಭಗಳಿಂದ ಹೊಂದಿಸಬೇಕು. ಅದೂ ಆಗದಿದ್ದರೆ ಎಂಟೂ ಜನರನ್ನು ಇಟ್ಟುಕೊಂಡು ತಿಂಗಳಿಗೆ 20 ದಿನ ಕೆಲಸ, 20 ದಿನದ ಸಂಬಳ ಎಂದು ಮೊದಲೇ ಮಾತಾಡಿಕೊಳ್ಳಿ. ಐದು ಜನಕ್ಕೆ ಸೊನ್ನೆ, ಮೂರು ಜನಕ್ಕೆ ಪೂರ್ತಿ ಎನ್ನುವುದಕ್ಕಿಂತ ಇದು ವಾಸಿ.

ಈ ಯೋಜನೆ ಕೆಡುವುದು ಒಂದೇ ಜಾಗದಲ್ಲಿ. ತೆಗೆದಿಟ್ಟ ದುಡ್ಡು ವ್ಯವಹಾರದ ಖಾತೆಯಲ್ಲೇ ಇದ್ದರೆ ಜನವರಿಯಲ್ಲಿ ಕಾಟೇಜಿಗೆ ಬಣ್ಣ, ಫೆಬ್ರುವರಿಯಲ್ಲಿ ಹೊಸ ಎಸಿ, ಏಪ್ರಿಲಿಗೆ ಖಾತೆ ಖಾಲಿ. ಬೇರೆ ಖಾತೆ ತೆರೆಯಿರಿ, ಪ್ರತಿ ಸೋಮವಾರ ಹಿಂದಿನ ವಾರದ ರಾತ್ರಿಗಳನ್ನು ಎಣಿಸಿ ವರ್ಗಾಯಿಸಿ. ಪಾಸ್‌ಬುಕ್ಕನ್ನು ಹುಡುಗರಿಗೂ ತೋರಿಸಿ. ತೋರಿಸಿದ ಮೇಲೆ ಅದರಲ್ಲಿ ಕೈ ಹಾಕಲು ನಿಮಗೇ ಮುಜುಗರವಾಗುತ್ತದೆ, ಅದೇ ಬೇಕಾದದ್ದು.

ಇನ್ನು ರಜೆ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆಯ ಪ್ರಕಾರ ಪ್ರತಿ 20 ದಿನದ ಕೆಲಸಕ್ಕೆ ಒಂದು ದಿನ ಸಂಬಳಸಹಿತ ರಜೆ ಸೇರುತ್ತದೆ. 240 ದಿನ ದುಡಿದವನಿಗೆ 12 ದಿನ. ಸೀಸನ್ನಿನಲ್ಲಿ ಕೊಡಲಾಗದ ಈ ರಜೆಯನ್ನು ಮೇ ತಿಂಗಳ ಮದುವೆ, ಜಾತ್ರೆಗಳಿಗೆ ಸಂಬಳದೊಂದಿಗೆ ಕೊಡಿ. ಯಾರನ್ನಾದರೂ ಕಳಿಸಲೇಬೇಕಾದರೆ ಫೆಬ್ರುವರಿಯಲ್ಲೇ ಹೇಳಿ. ವಾಪಸ್ ಬರುವ ದಿನಾಂಕ, ಅಲ್ಲಿಯವರೆಗೆ ತಿಂಗಳಿಗೆ ಇಷ್ಟು, ಬಂದ ದಿನ ಇಷ್ಟು ಎಂದು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಕೊಡಿ. ‘ಸೀಸನ್ ಬಂದಾಗ ಕರೀತೀನಿ’ ಎಂಬ ಮಾತನ್ನು ಯಾರೂ ನಂಬಿ ಕೂರುವುದಿಲ್ಲ.

ಇನ್ನೊಂದು ಮಾತು. ತುಂಗಭದ್ರೆಯ ನಡುಗಡ್ಡೆಯಾದ ವಿರೂಪಾಪುರ ಗಡ್ಡಿಯ ಅನುಮತಿಯಿಲ್ಲದ ರೆಸಾರ್ಟುಗಳನ್ನು 2020ರ ಮಾರ್ಚಿನಲ್ಲಿ, ಸುಪ್ರೀಂ ಕೋರ್ಟಿನ ತೀರ್ಪಿನ ಬೆನ್ನಲ್ಲೇ ತೆರವು ಮಾಡಿದ್ದು ಹೊಳೆಯ ಈ ದಂಡೆಯವರಿಗೆಲ್ಲ ಗೊತ್ತು. ಅಲ್ಲಿ ಕೆಲಸಕ್ಕಿದ್ದವರು ಸುತ್ತಲಿನ ಊರುಗಳಲ್ಲೇ ಇದ್ದಾರೆ. ಪಂಚಾಯ್ತಿಯ ಪರವಾನಗಿ, ಹಂಪಿ ಪ್ರಾಧಿಕಾರದ ಅನುಮತಿ ಸರಿಯಿದ್ದರೆ ಅವುಗಳ ಪ್ರತಿಯನ್ನು ಕೌಂಟರಿನ ಹಿಂದೆ ತೂಗುಹಾಕಿ. ಅದನ್ನು ಗಿರಾಕಿಗಿಂತ ಮೊದಲು ಓದುವವರು ನಿಮ್ಮ ಹುಡುಗರು.

ಪ್ರಶ್ನೆ: ಕೊಪ್ಪಳದಲ್ಲಿ ಲಾಡ್ಜ್ ಮ್ಯಾನೇಜರ್ ಆಗಿದ್ದೇನೆ. ಏಳು ಜನ ಸಿಬ್ಬಂದಿ. ವಾರದ ರಜೆ ಕೊಡಬೇಕೆಂದು ಮನಸ್ಸಿದೆ, ಕೊಡಲು ಆಗುತ್ತಿಲ್ಲ. ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರು ಎರಡು ಪಾಳಿ ಮಾಡಬೇಕು.

ಉತ್ತರ: ಮನಸ್ಸಿದ್ದರೂ ಆಗುವುದಿಲ್ಲ, ತಲೆ ಎಣಿಕೆಯೇ ತಪ್ಪಿದೆ. ಕೌಂಟರಿಗೆ ರಾತ್ರಿ ಸೇರಿ ಮೂರು ಪಾಳಿ, ರೂಮ್ ಬಾಯ್ ಇಬ್ಬರು, ಕಸ-ನೀರಿಗೆ ಒಬ್ಬರು, ಗೇಟಿಗೆ ಒಬ್ಬರು: ದಿನಕ್ಕೆ ಏಳು ಪಾಳಿ ಎಂದುಕೊಳ್ಳಿ. ವಾರಕ್ಕೆ 49 ಪಾಳಿ. ಏಳು ಜನ ವಾರಕ್ಕೆ ಆರು ದಿನ ಬಂದರೆ ಆಗುವುದು 42. ಏಳು ಪಾಳಿ ಎಲ್ಲಿಂದ ತರುತ್ತೀರಿ? 49ನ್ನು 6ರಿಂದ ಭಾಗಿಸಿದರೆ 8.17. ಎಂಟು ಜನರಿದ್ದರೂ ವಾರಕ್ಕೊಂದು ಪಾಳಿ ಕಡಿಮೆ ಬೀಳುತ್ತದೆ, ಜ್ವರ-ಮದುವೆ-ತಿಥಿಗೆ ಜಾಗವೇ ಇಲ್ಲ. ನಿಮಗೆ ಬೇಕಾದದ್ದು ಒಂಬತ್ತು ಜನ. ಮಾಲೀಕರ ಮುಂದೆ ಈ ಲೆಕ್ಕವನ್ನೇ ಇಡಿ. ‘ಹುಡುಗರು ಸುಸ್ತಾಗಿದ್ದಾರೆ ಸರ್’ ಎಂದರೆ ಅವರು ತಲೆ ಅಲ್ಲಾಡಿಸಿ ಕಳಿಸುತ್ತಾರೆ.

ಕಾನೂನಿನಲ್ಲಿ ದಿನಕ್ಕೆ 9 ತಾಸು, ವಾರಕ್ಕೆ 48 ತಾಸು, ಅದಕ್ಕಿಂತ ಹೆಚ್ಚಾದರೆ ಎರಡರಷ್ಟು ಕೂಲಿ. ಐದು ತಾಸು ದುಡಿದ ಮೇಲೆ ಒಂದು ತಾಸು ಬಿಡುವು ಬೇಕು. ಬ್ರೇಕ್ ಶಿಫ್ಟ್, ಅಂದರೆ ನಡುವೆ ಬಿಡುವಿಟ್ಟು ಎರಡು ಹೊತ್ತಿನ ಪಾಳಿ ಹಾಕಿದರೂ ಮೊದಲ ಗಳಿಗೆಯಿಂದ ಕೊನೆಯ ಗಳಿಗೆಗೆ 12 ತಾಸು ಮೀರಬಾರದು. ಬೆಳಿಗ್ಗೆ 6ರ ಚಹಾಕ್ಕೆ ಬಂದವನನ್ನು ರಾತ್ರಿ 10ರ ಚೆಕ್-ಇನ್‌ಗೂ ನಿಲ್ಲಿಸಿದರೆ 16 ತಾಸಾಯಿತು. ನಡುವೆ ಮೂರು ತಾಸು ಮಲಗಿದ್ದ ಎಂಬ ಸಮಜಾಯಿಷಿ ನಡೆಯುವುದಿಲ್ಲ. ಮಲಗಿದ್ದು ಎಲ್ಲಿ, ಲಿನನ್ ರೂಮಿನ ನೆಲದ ಮೇಲೆ ತಾನೆ?

ರಜೆಯ ದಿನ ಯಾವುದು ಎನ್ನುವುದಕ್ಕಿಂತ ಅದು ಬದಲಾಗದೆ ಇರುವುದು ಮುಖ್ಯ. ಶನಿವಾರ ಅಂಜನಾದ್ರಿಗೆ ಬರುವವರು, ಹುಣ್ಣಿಮೆಗೆ ಹುಲಿಗಿಗೆ ಬರುವವರು ನಿಮ್ಮ ಕೋಣೆ ತುಂಬುತ್ತಾರೆ. ಆ ದಿನಗಳನ್ನು ಬಿಟ್ಟು ಉಳಿದವನ್ನು ಹಂಚಿ. ಪಟ್ಟಿಯನ್ನು ತಿಂಗಳ 25ನೇ ತಾರೀಖಿಗೆ ಮುಂದಿನ ತಿಂಗಳಿಗೆ ಅಂಟಿಸಿ. ಬುಧವಾರ ರಜೆ ಎಂದು ಗೊತ್ತಿದ್ದವನು ಮಗಳ ಶಾಲೆಗೆ ಹೋಗಿ ಬರುತ್ತಾನೆ. ಹಿಂದಿನ ರಾತ್ರಿ ‘ನಾಳೆ ಬರಬೇಡ’ ಎಂದು ಹೇಳಿಸಿಕೊಂಡವನು ಮನೆಯಲ್ಲಿ ಮಲಗಿ ಎದ್ದು ಬರುತ್ತಾನೆ. ಎರಡೂ ರಜೆಯೇ, ಆದರೆ ಒಂದೇ ಅಲ್ಲ.

ಗವಿಸಿದ್ಧೇಶ್ವರ ಜಾತ್ರೆಗೆ ಎಲ್ಲರಿಗೂ ರಜೆ ಬೇಕು, ಲಾಡ್ಜೂ ತುಂಬಿರುತ್ತದೆ. ಈ ವರ್ಷ ತೇರಿನ ದಿನ ರಜೆ ಸಿಕ್ಕವರು ಮುಂದಿನ ವರ್ಷ ಕೆಲಸಕ್ಕೆ, ಕೆಲಸ ಮಾಡಿದವರಿಗೆ ಮುಂದಿನ ವರ್ಷ ರಜೆ. ಇದನ್ನು ಪುಸ್ತಕದಲ್ಲಿ ಬರೆದಿಡಿ, ಮ್ಯಾನೇಜರ್ ಬದಲಾದರೂ ಪುಸ್ತಕ ಇರಲಿ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಮತ್ತು ಐದು ಹಬ್ಬಗಳು ಸಂಬಳಸಹಿತ ರಜೆಗಳು. ಆ ದಿನ ಕೆಲಸ ಮಾಡಿಸಿದರೆ ಎರಡು ದಿನದ ಕೂಲಿ, ಇಲ್ಲವೇ ಬದಲಿ ರಜೆ. ಐದು ಹಬ್ಬ ಯಾವುವೆಂದು ಕೂತು ಮಾತಾಡಿ ಆರಿಸಿ. ಒಬ್ಬನಿಗೆ ಯುಗಾದಿ ಮುಖ್ಯ, ಇನ್ನೊಬ್ಬನಿಗೆ ಅಲಾಯಿ, ಅಂದರೆ ಮೊಹರಂ.

ಪ್ರಶ್ನೆ: ಬಳ್ಳಾರಿಯಲ್ಲಿ ಪ್ರವಾಸೋದ್ಯಮದ ವಿದ್ಯಾರ್ಥಿನಿ. ‘ನೌಕರರ ಬದ್ಧತೆ’ ಎಂಬ ವಿಷಯದ ಮೇಲೆ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಬದ್ಧತೆಯನ್ನು ಅಳೆಯುವುದು ಹೇಗೆ?

ಉತ್ತರ: ಮೊದಲು ಯಾವ ಬದ್ಧತೆ ಎಂದು ತೀರ್ಮಾನಿಸಿ. ಕೆನಡಾದ ಜಾನ್ ಮೇಯರ್ ಮತ್ತು ನಟಾಲಿ ಅಲೆನ್ 1991ರಲ್ಲಿ ಮೂರು ಬಗೆ ಹೇಳಿದರು. ಮನಸ್ಸಿದ್ದು ನಿಲ್ಲುವುದು ಒಂದು, ಬಿಟ್ಟರೆ ನಷ್ಟವೆಂದು ನಿಲ್ಲುವುದು ಇನ್ನೊಂದು, ಬಿಡುವುದು ಸರಿಯಲ್ಲವೆಂದು ನಿಲ್ಲುವುದು ಮೂರನೆಯದು. ಮೂರನೆಯದಕ್ಕೆ ನಮ್ಮಲ್ಲಿ ಆಗಲೇ ಹೆಸರಿದೆ, ಋಣ. ‘ಕಷ್ಟಕಾಲದಲ್ಲಿ ಧಣಿ ಕೈ ಹಿಡಿದರು’ ಎಂದು ನಿಂತವರನ್ನು ನಮ್ಮ ಕಡೆ ಎಷ್ಟು ಬೇಕಾದರೂ ಕಾಣಬಹುದು. ಮೂರೂ ಹೊರಗಿನಿಂದ ಒಂದೇ ಥರ ಕಾಣುತ್ತವೆ, ಹಾಜರಿ ಪುಸ್ತಕದಲ್ಲಿ ಮೂವರೂ ಹಾಜರ್. ವ್ಯತ್ಯಾಸ ತಿಳಿಯುವುದು ರಾತ್ರಿ 11ಕ್ಕೆ ಮಗುವಿಗೆ ಬಿಸಿ ಹಾಲು ಕೇಳಿದ ಗಿರಾಕಿಯ ಮುಂದೆ. ಮನಸ್ಸಿದ್ದು ನಿಂತವನು ಒಲೆ ಹಚ್ಚುತ್ತಾನೆ, ನಷ್ಟಕ್ಕೆ ಹೆದರಿ ನಿಂತವನು ‘ಕಿಚನ್ ಕ್ಲೋಸ್’ ಎನ್ನುತ್ತಾನೆ.

ಅಳೆಯಲು 1979ರಲ್ಲಿ ಮೌಡೇ, ಸ್ಟಿಯರ್ಸ್, ಪೋರ್ಟರ್ ಪ್ರಕಟಿಸಿದ 15 ಹೇಳಿಕೆಗಳ, 7 ಅಂಕದ ಪ್ರಶ್ನಾವಳಿ ಇದೆ. ಕನ್ನಡಕ್ಕೆ ತಂದ ಮೇಲೆ ಇನ್ನೊಬ್ಬರಿಂದ ಮತ್ತೆ ಇಂಗ್ಲಿಷಿಗೆ ಮಾಡಿಸಿ ಹೋಲಿಸಿ. ಅದರಲ್ಲಿ ಆರು ಹೇಳಿಕೆಗಳು ತಿರುವುಮುರುವಾಗಿವೆ, ಅಂದರೆ ಅವನ್ನು ಒಪ್ಪಿದರೆ ಬದ್ಧತೆ ಕಡಿಮೆ ಎಂದರ್ಥ, ಅವಸರದಲ್ಲಿ ಓದಿದವರು ಅಲ್ಲಿ ಎಡವುತ್ತಾರೆ. ಓದಿ ಹೇಳುವಾಗ ಅವನ್ನು ನಿಧಾನವಾಗಿ ಓದಿ. ಏಳು ಅಂಕ ಗೊಂದಲವಾದರೆ ಏಳು ಕಡ್ಡಿ ಮುಂದಿಟ್ಟು ಎಣಿಸಿ ತೆಗೆಯಲು ಹೇಳಿ. ಫಾರ್ಮನ್ನು ಮ್ಯಾನೇಜರ್ ಕೈಯಿಂದ ಹಂಚಿಸಿದಿರೋ ಎಲ್ಲರೂ ಏಳಕ್ಕೆ ಏಳು ಕೊಡುತ್ತಾರೆ, ನಿಮ್ಮ ಪ್ರಾಜೆಕ್ಟ್ ಅಲ್ಲಿಗೆ ಮುಗಿಯಿತು. ಹೋದ ಒಂದು ವರ್ಷದಲ್ಲಿ ಕೆಲಸ ಬಿಟ್ಟವರನ್ನೂ ಹುಡುಕಿ ಮಾತಾಡಿಸಿ, ಇದ್ದವರು ಹೇಳದ್ದನ್ನು ಅವರು ಹೇಳುತ್ತಾರೆ.

ಪ್ರಶ್ನೆ: ಗಂಗಾವತಿಯ ಹೋಟೆಲೊಂದರಲ್ಲಿ ರಿಸೆಪ್ಷನಿಸ್ಟ್. ಗಿರಾಕಿ ಬೈದರೂ ನಗಬೇಕು. ಮಾಲೀಕರು ಗಿರಾಕಿಯ ಎದುರೇ ನನ್ನನ್ನು ಬೈಯುತ್ತಾರೆ. ಸಂಬಳ ಪರವಾಗಿಲ್ಲ, ಆದರೂ ಬಿಡೋಣ ಅನಿಸುತ್ತಿದೆ.

ಉತ್ತರ: ಬಾರದ ನಗುವನ್ನು ತಂದುಕೊಳ್ಳುವುದೂ ದುಡಿಮೆಯೇ ಎಂದು ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲೇ ವಿಮಾನದ ಗಗನಸಖಿಯರನ್ನು ನೋಡಿ ಬರೆದರು. ಸುಸ್ತು ನಿಮ್ಮ ದೌರ್ಬಲ್ಯವಲ್ಲ.

ಈ ಉತ್ತರದ ಉಳಿದ ಭಾಗವನ್ನು ನಿಮ್ಮ ಮಾಲೀಕರಿಗೆ ತೋರಿಸಿ. ಕೌಂಟರಿನಲ್ಲಿ ಕೂತವರು ಹೆಚ್ಚಿನ ಪಾಲು ಬೇರೆಯವರ ತಪ್ಪಿಗೆ ಕ್ಷಮೆ ಕೇಳುತ್ತಿರುತ್ತಾರೆ. ಒಂದು ನೋಟ್‌ಬುಕ್ ಇಟ್ಟು 30 ದಿನ ಪ್ರತಿ ದೂರಿನ ಹೊತ್ತು, ಕೋಣೆ ಸಂಖ್ಯೆ, ಕಾರಣ ಬರೆಯಿರಿ. ನಮ್ಮ ಕಡೆ ಸಾಮಾನ್ಯವಾಗಿ ಮೇಲೆ ಬರುವುದು ಬಿಸಿನೀರು. ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ಸೂರ್ಯೋದಯ ನೋಡುವವರು 4 ಗಂಟೆಗೆ ನಲ್ಲಿ ತಿರುಗಿಸುತ್ತಾರೆ. ಸೋಲಾರ್ ಟ್ಯಾಂಕಿನ ನೀರನ್ನು ರಾತ್ರಿ ತಡವಾಗಿ ಬಂದವರು ಸ್ನಾನಕ್ಕೆ ಬಳಸಿರುತ್ತಾರೆ, ಟ್ಯಾಂಕಿನಲ್ಲಿರುವ ಕರೆಂಟ್ ಕಾಯಿಲ್ ಬಿಲ್ ಉಳಿಸಲು ಆಫ್ ಆಗಿರುತ್ತದೆ. 3 ಗಂಟೆಗೆ ತಾನೇ ಆನ್ ಆಗುವ ಟೈಮರ್ ಸ್ವಿಚ್ ಹಾಕಿದರೆ ಆ ಬೈಗುಳ ನಿಲ್ಲುತ್ತದೆ. ನಗುವ ತರಬೇತಿಯಿಂದ ನೀರು ಕಾಯುವುದಿಲ್ಲ.

ಎರಡನೆಯದು, 500 ರೂಪಾಯಿವರೆಗೆ ಯಾರನ್ನೂ ಕೇಳದೆ ತೀರ್ಮಾನಿಸುವ ಅಧಿಕಾರ ಕೌಂಟರಿಗೆ ಬೇಕು. ಚಹಾ-ತಿಂಡಿ ಉಚಿತ, ಚೆಕ್-ಔಟ್ ಒಂದು ತಾಸು ತಡ, ಬಿಲ್ಲಿನಲ್ಲಿ ಸಣ್ಣ ಕಡಿತ. ಕೊಟ್ಟದ್ದನ್ನು ಅದೇ ನೋಟ್‌ಬುಕ್ಕಿನಲ್ಲಿ ಬರೆದರೆ ಸಾಕು. ‘ಮಾಲೀಕರನ್ನು ಕೇಳಿ ಹೇಳ್ತೀನಿ’ ಎಂದ ಕೂಡಲೇ ಗಿರಾಕಿಯ ದನಿ ಏರುತ್ತದೆ.

ಮೂರನೆಯದು, ಗಿರಾಕಿಯ ಎದುರು ಬೈಯಬಾರದು. ‘ವಿಚಾರಿಸುತ್ತೇನೆ’ ಎಂದು ಅವರನ್ನು ಕೂರಿಸಿ, ಒಳಗೆ ಬಂದು ಮೊದಲು ಸಿಬ್ಬಂದಿಯ ಮಾತು ಕೇಳಬೇಕು. ದೊಡ್ಡ ಜಗಳವಾದ ಮೇಲೆ ಹತ್ತು ನಿಮಿಷ ಕೌಂಟರ್ ಬಿಟ್ಟು ಹೋಗಲು ಬಿಡಬೇಕು. ಇಷ್ಟು ಹೇಳಿಯೂ ಮೂರು ತಿಂಗಳಲ್ಲಿ ಏನೂ ಬದಲಾಗದಿದ್ದರೆ ಬೇರೆ ಕೆಲಸ ಹುಡುಕಿಕೊಳ್ಳಿ, ಅದಕ್ಕೆ ನಾಚಬೇಕಿಲ್ಲ.

ಪ್ರಶ್ನೆ: ರಾಯಚೂರಿನಲ್ಲಿ ಊಟದ ಹೋಟೆಲು ಮತ್ತು ಮೇಲೆ ಕೋಣೆಗಳಿವೆ. ಅಡುಗೆಯವರನ್ನು ಉಳಿಸಿಕೊಳ್ಳಲು 30,000 ಮುಂಗಡ ಕೊಟ್ಟೆ, ಓಡಿಹೋದರು. ಟಿಪ್ಸಿಗಾಗಿ ಹುಡುಗರೂ ಅಡುಗೆಯವರೂ ದಿನಾ ಜಗಳ.

ಉತ್ತರ: ಮುಂಗಡ ಸಾಲವಷ್ಟೇ, ಸಂಬಂಧವಲ್ಲ. ಮನೆಯ ಅಗತ್ಯಕ್ಕೆ ಕೊಡಿ, ತಿಂಗಳಿಗೆ 2,000ದಂತೆ ಮುರಿದುಕೊಳ್ಳುವುದನ್ನು ಬರೆದುಕೊಳ್ಳಿ. ಆದರೆ ‘ತೀರುವ ತನಕ ಹೋಗುವಂತಿಲ್ಲ’ ಎಂದು ತಡೆದರೆ ಅದು 1976ರ ಜೀತಪದ್ಧತಿ ನಿರ್ಮೂಲನಾ ಕಾಯ್ದೆಯ ಕಡೆಗೆ ಹೋಗುತ್ತದೆ. ಮೂಲ ಅಂಕಪಟ್ಟಿ, ಆಧಾರ್ ಕಾರ್ಡ್ ಕಿತ್ತಿಟ್ಟುಕೊಳ್ಳುವುದೂ ಅದೇ ಜಾತಿಯ ಚಾಳಿ.

ಟಿಪ್ಸ್ ಜಗಳದ ಬೇರು ಈಗ ಬೇರೆ ಕಡೆ ಇದೆ. ಮೊದಲು ತಟ್ಟೆಯಲ್ಲಿ ಚಿಲ್ಲರೆ ಉಳಿಯುತ್ತಿತ್ತು, ಈಗ ಗಿರಾಕಿ ಬಿಲ್ಲಿಗೆ ಐವತ್ತು ಸೇರಿಸಿ ಫೋನಿನಲ್ಲಿ ಸ್ಕ್ಯಾನ್ ಮಾಡುತ್ತಾನೆ. ಅದು ನಿಮ್ಮ ಖಾತೆಗೆ ಬರುತ್ತದೆ, ‘ಇದು ಹುಡುಗನಿಗೆ’ ಎಂದು ಅವನು ಹೇಳಿ ಹೋದದ್ದು ಗಾಳಿಗೆ. ಬಿಲ್ಲಿನ ಮೊತ್ತಕ್ಕಿಂತ ಹೆಚ್ಚು ಬಂದದ್ದನ್ನು ಪ್ರತಿ ರಾತ್ರಿ ಕ್ಯಾಷಿಯರ್ ಬೇರೆ ಕಾಲಂನಲ್ಲಿ ಬರೆಯಲಿ, ಸೋಮವಾರ ನಗದಾಗಿ ತೆಗೆದು ಹಂಚಿ. ಹಂಚಿಕೆಗೆ ಪಾಲು ಕಟ್ಟಿ: ಬಡಿಸುವವರಿಗೆ 3, ಅಡುಗೆಯವರಿಗೆ 2, ಪಾತ್ರೆ ಮತ್ತು ಟೇಬಲ್ ಒರೆಸುವವರಿಗೆ 2. ವಾರದ ಟಿಪ್ಸ್ 4,200 ಇದ್ದು, ನಾಲ್ವರು ಬಡಿಸುವವರು, ಮೂವರು ಅಡುಗೆಯವರು, ಇಬ್ಬರು ಒರೆಸುವವರಿದ್ದರೆ ಒಟ್ಟು 22 ಪಾಲು, ಒಂದು ಪಾಲಿಗೆ ಸುಮಾರು 190. ರಜೆ ಹೋದವರ ಪಾಲನ್ನು ದಿನಕ್ಕೆ ತಕ್ಕಂತೆ ಇಳಿಸಿ. ಮಾಲೀಕರಿಗೆ, ಮ್ಯಾನೇಜರಿಗೆ ಪಾಲಿಲ್ಲ. ಟಿಪ್ಸಿನ ಬದಲು ಬಿಲ್ಲಿಗೇ ಸೇವಾ ಶುಲ್ಕ ಸೇರಿಸುವ ಯೋಚನೆ ಬಿಡಿ. ಗ್ರಾಹಕರ ರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿ ಅದನ್ನು ತಾನಾಗಿ ಸೇರಿಸುವಂತಿಲ್ಲ ಎಂದಿದೆ, 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ.

ಪ್ರಶ್ನೆ: ಸಂಡೂರು ಕಡೆಯ ಅತಿಥಿಗೃಹದಲ್ಲಿ ಆರು ವರ್ಷದಿಂದ ಕೆಲಸ, 14 ಜನ ಇದ್ದೇವೆ, ಸಂಬಳ 15,000. ಬಿಟ್ಟರೆ ಏನಾದರೂ ಸಿಗುತ್ತದೆಯೇ?

ಉತ್ತರ: ಸಿಗುತ್ತದೆ. 10 ಅಥವಾ ಹೆಚ್ಚು ಜನರಿರುವಲ್ಲಿ ಐದು ವರ್ಷ ಪೂರೈಸಿದವರಿಗೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಮಾಲೀಕರು ಕೊಡುವ ಇಡುಗಂಟು, ಉಂಟು. ಕೊನೆಯ ಸಂಬಳವನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿ, ವರ್ಷಗಳಿಂದ ಗುಣಿಸಿ. ಮೂಲ ವೇತನ, ತುಟ್ಟಿಭತ್ಯೆ ಸೇರಿ 15,000 ಆದರೆ ವರ್ಷಕ್ಕೆ 8,654, ಆರು ವರ್ಷಕ್ಕೆ 51,923. ಹಾಜರಿಯ ಕಾಗದ, ಸಂಬಳ ಜಮೆಯಾದ ಪಾಸ್‌ಬುಕ್ ಜೋಪಾನವಾಗಿಡಿ. ನಡುವೆ ಬಿಡುವು ಬಿದ್ದಿದ್ದರೂ 12 ತಿಂಗಳಲ್ಲಿ 240 ದಿನ ದುಡಿದಿದ್ದರೆ ಆ ವರ್ಷ ಎಣಿಕೆಗೆ ಬರುತ್ತದೆ. 10 ಜನ ದಾಟಿದ್ದರಿಂದ ಇಎಸ್‌ಐ (ನೌಕರರ ಆರೋಗ್ಯ ವಿಮೆ) ಕೂಡ ನಿಮ್ಮ ಹಕ್ಕು, ಸಂಬಳ 21,000 ಒಳಗಿರುವವರಿಗೆ. ನಿಮ್ಮ ಪಾಲು 0.75, ಮಾಲೀಕರದು 3.25 ಪ್ರತಿಶತ: 15,000ಕ್ಕೆ ನಿಮ್ಮಿಂದ 113, ಅವರಿಂದ 488. ಮಾಲೀಕರು ಇದನ್ನು ಖರ್ಚೆಂದು ನೋಡುತ್ತಾರೆ. ಆಸ್ಪತ್ರೆಯ ಒಂದು ಬಿಲ್ಲಿಗೆ ಹೆದರಿ ಕೆಲಸ ಬಿಟ್ಟು ಹೋಗುವವನನ್ನು ತಡೆಯಲು 488ಕ್ಕಿಂತ ಅಗ್ಗದ ದಾರಿ ನಮಗೆ ಗೊತ್ತಿಲ್ಲ. ಭವಿಷ್ಯನಿಧಿ (ಪಿಎಫ್) ಕಡ್ಡಾಯವಾಗುವುದು 20 ಜನರಿಂದ.

ಪ್ರಶ್ನೆ: ಸಾಣಾಪುರದ ಹತ್ತಿರ ನಮ್ಮ ಕಾಟೇಜುಗಳಿವೆ. ಸುತ್ತಲಿನ ಹಳ್ಳಿಯ ಹೆಣ್ಣುಮಕ್ಕಳು ಚೊಲೋ ಕೆಲಸ ಮಾಡ್ತಾರೆ, ಆದರೆ ನಾಲ್ಕೈದು ತಿಂಗಳಿಗೆ ಬಿಡ್ತಾರೆ. ಕಾರಣ ಕೇಳಿದರೆ ‘ಮನ್ಯಾಗ ಬ್ಯಾಡ ಅಂತಾರ’ ಅಂತಾರೆ.

ಉತ್ತರ: ಆ ಮಾತಿನ ಹಿಂದೆ ಸಾಮಾನ್ಯವಾಗಿ ಮೂರು ಸಂಗತಿ ಇರುತ್ತವೆ, ಯಾವುದನ್ನೂ ಅವರು ಧಣಿಯ ಮುಂದೆ ಹೇಳುವುದಿಲ್ಲ.

ಒಂದು ಸೊಂಟ. ಗಿರಾಕಿ ಖಾಲಿ ಮಾಡಿದ ಕೋಣೆಗೆ 30 ನಿಮಿಷ, ಇನ್ನೂ ತಂಗಿರುವವರ ಕೋಣೆಗೆ 15ರಿಂದ 20 ನಿಮಿಷ ಬೇಕು. ಒಂದೇ ಕಟ್ಟಡದ ಹೋಟೆಲಿನಲ್ಲಿ ಒಬ್ಬರಿಗೆ ದಿನಕ್ಕೆ 12ರಿಂದ 14 ಕೋಣೆ ಸಾಧ್ಯ. ಬಂಡೆಗಳ ನಡುವೆ ಚದುರಿದ ಕಾಟೇಜುಗಳಲ್ಲಿ ತಲೆಯ ಮೇಲೆ ಚಾದರದ ಗಂಟು, ಕೈಯಲ್ಲಿ ಬಕೆಟ್ ಹೊತ್ತು ಏರಿಳಿಯುವಾಗ ಎಂಟಕ್ಕಿಂತ ಹೆಚ್ಚು ಹಾಕಬೇಡಿ. ದೊಡ್ಡ ಹಾಸಿಗೆಯನ್ನು ಒಬ್ಬರೇ ಎತ್ತಿ ಚಾದರ ಸಿಕ್ಕಿಸುವುದರಿಂದ ನೋವು ಶುರುವಾಗುತ್ತದೆ. ಇಬ್ಬರನ್ನು ಜೋಡಿ ಮಾಡಿ, ಇಬ್ಬರಿಗೂ ಸೇರಿ 16 ಕೋಣೆ ಕೊಡಿ. ಕೆಲಸವೂ ಬೇಗ, ಎರಡನೆಯ ಸಂಗತಿಗೂ ಅದೇ ಮದ್ದು.

ಎರಡನೆಯದು ಭಯ. ಗಿರಾಕಿ ಒಳಗಿರುವ ಕೋಣೆಗೆ ಒಬ್ಬಳನ್ನೇ ಕಳಿಸಬಾರದು. ಕೆಲಸ ನಡೆಯುವಷ್ಟು ಹೊತ್ತು ಬಾಗಿಲಿಗೆ ಆನಿಕೆ ಕೊಟ್ಟು ತೆರೆದಿಡಬೇಕು. 10 ಜನ ಸಿಬ್ಬಂದಿ ಇದ್ದರೆ ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ದೂರು ಸಮಿತಿ ಕಡ್ಡಾಯ. ಅಧ್ಯಕ್ಷೆ ಮಹಿಳೆ, ಅರ್ಧದಷ್ಟಾದರೂ ಮಹಿಳೆಯರು, ಹೊರಗಿನವರೊಬ್ಬರು. ಕಡಿಮೆ ಜನರಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದೆಂದು ಫಲಕ ಹಾಕಿ. ಬಟ್ಟೆ ಬದಲಿಸಲು ಚಿಲಕವಿರುವ ಕೋಣೆ, ಬೇರೆ ಶೌಚಾಲಯ ಇವೆಯೇ ನೋಡಿ. ಕತ್ತಲಾದ ಮೇಲೆ ಬಿಡುವುದಿದ್ದರೆ ಮನೆ ಬಾಗಿಲ ತನಕ ನಿಮ್ಮ ಗಾಡಿ ಹೋಗಬೇಕು, ಕ್ರಾಸ್ ತನಕ ಅಲ್ಲ. ಅತ್ತೆ-ಗಂಡ ಎದುರು ನೋಡುವುದು ಆ ಗಾಡಿಯನ್ನು. ಒಂದು ಭಾನುವಾರ ಮನೆಯವರನ್ನು ಕರೆದು ಊಟ ಹಾಕಿ, ಕೆಲಸದ ಜಾಗ ತೋರಿಸಿ.

ಮೂರನೆಯದು ಭತ್ತ. ನಾಟಿಯ ಹೊತ್ತಿಗೆ ಗದ್ದೆಯಲ್ಲಿ ಗುಂಪು ಗುತ್ತಿಗೆಯ ಕೂಲಿ ನಿಮ್ಮ ದಿನದ ಸಂಬಳವನ್ನು ಮೀರಿಸುತ್ತದೆ, ಓಣಿಯವರೆಲ್ಲ ಹೋಗುವಾಗ ಒಬ್ಬಳು ಉಳಿಯುವುದೂ ಕಷ್ಟ. ಮಳೆಗಾಲ ನಿಮಗೂ ಸಡಿಲ. ಮೂರು ವಾರ ‘ನಾಟಿ ರಜೆ’ ಎಂದು ನೀವೇ ಕೊಟ್ಟು, ಕೆಲಸ ಹಾಗೇ ಇರುತ್ತದೆಂದು ಹೇಳಿ ಕಳಿಸಿ. ಕದ್ದು ಹೋದವಳು ಮುಖ ತೋರಿಸಲು ನಾಚಿ ವಾಪಸ್ ಬರುವುದಿಲ್ಲ, ಹೇಳಿ ಹೋದವಳು ಬರುತ್ತಾಳೆ.

ಪ್ರಶ್ನೆ: ‘ತಿಂಗಳ ಉತ್ತಮ ನೌಕರ’ ಅಂತ ಫೋಟೋ ಗೋಡೆಗೆ ಹಾಕಿದೆವು. ಇಬ್ಬರು ಮುನಿಸಿಕೊಂಡು ಬಿಟ್ಟೇ ಹೋದರು. ಏನು ಮಾಡಬೇಕು? (ಮುನಿರಾಬಾದ್)

ಉತ್ತರ: ಫೋಟೋ ಇಳಿಸಿ. ಚೌಕಟ್ಟಿನ ದುಡ್ಡು ಉಳಿದಿದ್ದರೆ ಅಡುಗೆಮನೆಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿ, ಮೇ ತಿಂಗಳಲ್ಲಿ ರೊಟ್ಟಿ ಬಡಿಯುವವರು ಅದರ ಕೆಳಗೆ ನಿಂತಿರುತ್ತಾರೆ. ಸಿಬ್ಬಂದಿಯ ಊಟಕ್ಕೆ ನಿನ್ನೆ ಉಳಿದ ಅನ್ನದ ಬದಲು ಇಂದಿನ ಬಿಸಿ ರೊಟ್ಟಿ, ಪಲ್ಲೆ ಕೊಡಿ. ಸಂಬಳ 5ನೇ ತಾರೀಖು ಎಂದಿದ್ದರೆ 5ಕ್ಕೇ ಹಾಕಿ, 5 ಭಾನುವಾರವಾದರೆ 4ಕ್ಕೆ.